ಅಂಗೈ ಅಗಲದ ಗೋಡೆ

ಹಿಂದಿನ ಗೋಡೆಯನ್ನು ಕೆರೆಯುತ್ತಿದ್ದೆ. ಧೂಳು ಏಳಬಾರದು ಅಂತ ಮೊದಲು ಒಂದು ತಂಬಿಗೆ ನೀರು ಚಿಮುಕಿಸಿದ್ದೆ. ಮೇಲಿನ ಗುಲಾಬಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಕೆನೆ ಬಣ್ಣ. ಅದರ ಕೆಳಗೆ ಬಿಳಿ ಸುಣ್ಣ. ಸುಣ್ಣಕ್ಕೆ ನೀರು ಮುಟ್ಟಿದ ಕೂಡಲೇ ಆ ವಾಸನೆ ಬಂತು... ಹಸಿ ಸುಣ್ಣದ್ದು, ಮೂಗಿನ ತುದಿಯಲ್ಲಿ ಸಣ್ಣಗೆ ಉರಿಯುವಂಥದ್ದು. ಕೆರೆಯುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತೆ. ಮೊಣಕಾಲು ನೋವಿಗೆ ನಿಂತಳು ಅಂತ ಸೊಸೆ ತಿಳಿದಳು. ತಿಳಿದುಕೊಳ್ಳಲಿ.

ಈ ಸಲ ದಸರೆಗೆ ಮನೆಗೆ ನಾನೇ ಬಣ್ಣ ಹಚ್ಚುತ್ತೇನೆ ಅಂದಾಗ ಮಗ ನಕ್ಕಿದ್ದ.

"ಅವ್ವಾ, ಇಬ್ಬರು ಮಂದೀನ ಕರೀತೀನಿ. ಎರಡು ದಿನದಾಗ ಮುಗಸ್ತಾರ. ನಿನ್ನ ಕಾಲಿಗೆ ಏಣಿ ಹತ್ತೂದು ಆಗ್ತದೇನು?"

"ಹ್ವಾದ ಸಲ ಕರದಿದ್ದೆಲ್ಲ, ಟಿವಿಗೂ ಬಣ್ಣ ಹಚ್ಚಿ ಹ್ವಾದ್ರು. ಏಣಿ ಯಾಕ ಬೇಕು? ಕೋಲಿಗೆ ರೋಲರ್ ಕಟ್ಟು. ಮ್ಯಾಲಿಂದು ನಾ ಹಚ್ಚತೀನಿ, ಕೆಳಗಿಂದು ನಿನ್ನ ಹೆಂಡತಿ ಹಚ್ಚತಾಳ."

ಸೊಸೆ ಅಡುಗೆಮನೆಯಿಂದಲೇ, "ನನ್ನ ಕೇಳದನ ನನ್ನ ಹೆಸರು ಹಾಕಿದ್ರಿ ಅತ್ತಿ," ಅಂದಳು. ಆದರೆ ಮರುದಿನ ಹಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಬಂದು ನಿಂತಳು. ಅವಳು ಹಾಗೆಯೇ. ಬಾಯಿ ಒಂದು, ಕೈ ಒಂದು.

ಈ ಗೋಡೆಗಳಿಗೆ ಇನ್ನೊಬ್ಬರ ಕೈ ಬೇಡ ಅನ್ನುವುದಕ್ಕೆ ನನಗೊಂದು ಕಾರಣ ಇದೆ. ಮಗನಿಗೆ ಅದನ್ನು ಹೇಳಿರಲಿಲ್ಲ. ಸುಣ್ಣದ ವಾಸನೆ ಬಂದ ಮೇಲೆ ಸೊಸೆಗೆ ಹೇಳಿದೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ. ಮೂರನೇ ಇಯತ್ತೆ ಓದಿದವಳು ನಾನು. ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಬೇಕು.

ಬಾಜೂ ಮನೆಯಲ್ಲಿ ಒಬ್ಬಳು ಇದ್ದಳು. ಓಣಿಯವರೆಲ್ಲ ಅವಳನ್ನು ಮಾವಶಿ ಅನ್ನುತ್ತಿದ್ದರು. ಮರಾಠಿಯಲ್ಲಿ ಅವ್ವನ ತಂಗಿಗೆ ಹಾಗೆ ಕರೆಯುತ್ತಾರೆ. ನನಗೆ ಅವಳು ಬಳಗವೇನಲ್ಲ. ಇಂದಾಪುರದ ಕಡೆಯವಳು. ಅವಳ ತಾಯಿ ಅಕ್ಕಲಕೋಟೆ ಕಡೆಯವಳಾದ್ದರಿಂದ ಕನ್ನಡ ಬರುತ್ತಿತ್ತು, ಅರ್ಧ ಮರಾಠಿ ಬೆರೆಸಿದ್ದು. ನಾನು ಮತ್ತು ನನ್ನ ಗಂಡ ಶಹಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು ಯೆರವಡಾದಲ್ಲಿ ತಗಡಿನ ಮಾಡಿನ ಈ ಒಂದು ಖೋಲಿ ಹಿಡಿದಾಗ ನನಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ನಳದ ಹತ್ತಿರ ಹೆಂಗಸರು ನನ್ನ ಕೊಡವನ್ನು ಹಿಂದೆ ತಳ್ಳುತ್ತಿದ್ದರು. ಮಾವಶಿಯೇ ಮೊದಲು ಅದನ್ನು ಎತ್ತಿ ಮುಂದೆ ಇಟ್ಟಳು. "ಏ ಪೋರಿ, ಬಾಯಿ ತಗಿ. ಇಲ್ಲಿ ಬಾಯಿ ಮುಚ್ಚಿದವರ ಕೊಡ ತುಂಬಂಗಿಲ್ಲ," ಅಂದಳು.

ಅವಳ ಕೆಲಸ ಮನೆಗಳಿಗೆ ಸುಣ್ಣ ಹಚ್ಚುವುದು. ಗಂಡ ಪೇಂಟರ್ ಆಗಿದ್ದ. ಅವನು ತೀರಿಹೋದ ಮೇಲೆ ಅವನ ಬ್ರಷ್ ಹಿಡಿದಳು. ಸುಣ್ಣ, ಡಿಸ್ಟೆಂಪರ್, ಆಯಿಲ್ ಪೇಂಟ್, ಎಲ್ಲ ಬರುತ್ತಿತ್ತು. ಇಲ್ಲಿಯ ಓಣಿಗಳಲ್ಲಿ ಗಂಡಸರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಒಂದೇ ಖೋಲಿಯ ಮನೆ. ಹೆಂಗಸು ಒಬ್ಬಳೇ ಇರುವಾಗ ಪರ ಗಂಡಸನ್ನು ಒಳಗೆ ಕರೆದು ಇಡೀ ದಿನ ಗೋಡೆ ಬಳಿಸುವುದು ಹೇಗೆ? ಅದಕ್ಕೇ ಎಲ್ಲರೂ ಮಾವಶಿಯನ್ನು ಕರೆಯುತ್ತಿದ್ದರು. ದಸರೆಗೆ ಒಂದು ತಿಂಗಳು ಇದೆ ಅನ್ನುವಾಗಲೇ ಅವಳಿಗೆ ಪುರಸೊತ್ತು ಇರುತ್ತಿರಲಿಲ್ಲ. ಅವಳಿಗೆ ಹೊಲ ಇಲ್ಲ, ಮಕ್ಕಳಿಲ್ಲ. ಓಣಿಯಲ್ಲಿದ್ದ ಆ ಒಂದು ಹೆಸರೇ ಅವಳ ಅನ್ನ.

ಗೋಡೆಗೆ ಕೈ ಹಚ್ಚುವ ಮೊದಲು ಅವಳು ಕೆನ್ನೆ ಹಚ್ಚುತ್ತಿದ್ದಳು. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಕಣ್ಣು ಮುಚ್ಚಿ, ಎಡಗೆನ್ನೆಯನ್ನು ಗೋಡೆಗೆ ಒತ್ತಿ, ಯಾರೋ ಒಳಗಿಂದ ಮಾತಾಡುತ್ತಿದ್ದಾರೆ ಅನ್ನುವ ಹಾಗೆ ನಿಲ್ಲುತ್ತಿದ್ದಳು. ಮೇಲೆ ಒಂದು ಕಡೆ, ನಡುವೆ ಒಂದು ಕಡೆ, ಕೂತು ಕೆಳಗೆ ಒಂದು ಕಡೆ. ಗೋಡೆ ಹಸಿಯೋ ಒಣಗಿದೆಯೋ ಅಂತ ನೋಡುವ ಬಗೆ ಅದು. ಕೈಯಿಂದ ನೋಡಬಾರದಾ ಅಂದರೆ ಎರಡೂ ಅಂಗೈ ತೋರಿಸಿದಳು. ಸುಣ್ಣ ತಿಂದು ತಿಂದು ಚಪ್ಪಲಿಯ ತಳದ ಹಾಗೆ ಆಗಿದ್ದವು. ಬಿಸಿ ಬೋಗುಣಿಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು, ಏನೂ ತಿಳಿಯುತ್ತಿರಲಿಲ್ಲ. "ಕೈ ಸತ್ತಾವ. ಗಲ್ಲ ಇನ್ನೂ ಜೀವಂತ ಅದ," ಅನ್ನುತ್ತಿದ್ದಳು.

ಇನ್ನೊಂದು ರೀತಿ ಇತ್ತು ಅವಳದು. ಪ್ರತಿ ಗೋಡೆಯ ಕೆಳಗಿನ ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗಕ್ಕೆ ಬಣ್ಣ ಹಚ್ಚುತ್ತಿರಲಿಲ್ಲ. ಬರೀ ಗಿಲಾಯಿ, ಅಂದರೆ ಒಳಗಿನ ಗಾರೆ, ಕಾಣುವ ಹಾಗೆ ಬಿಡುತ್ತಿದ್ದಳು. ಗೋಡೆ ನೀರು ಕುಡಿಯಲು ಶುರು ಮಾಡಿದರೆ ಮೊದಲು ಆ ಜಾಗ ಕಪ್ಪಾಗುತ್ತದೆ, ಬಣ್ಣದ ಕೆಳಗಾದರೆ ಕಾಣುವುದಿಲ್ಲ, ಹಾಗಾಗಿ. ಯಾವ ಮನೆಯಲ್ಲಾದರೂ ಬಗ್ಗಿ ಮೂಲೆ ನೋಡಿದರೆ ಸಾಕು, ಇದು ಮಾವಶಿಯ ಕೈ ಅಂತ ಗೊತ್ತಾಗುತ್ತಿತ್ತು.

ನನ್ನ ಮಗಳನ್ನು ನೋಡಲು ಸೊಲ್ಲಾಪುರದ ಕಡೆಯ ಒಂದು ಮನೆತನ ಬರುತ್ತದೆ ಅಂತಾಯಿತು. ಹುಡುಗನ ಸೋದರತ್ತೆ ನಮ್ಮ ಹಿಂದಿನ ಓಣಿಯಲ್ಲೇ ಇದ್ದಳು, ಅವಳೇ ತಂದ ಸಂಬಂಧ. ಒಳ್ಳೆಯ ಮನೆ. ನನಗೆ ಈ ಸಂಬಂಧ ಬೇಕಿತ್ತು. ಇದಕ್ಕೂ ಮೊದಲು ಎರಡು ಕಡೆಯವರು ಬಂದು ಚಹಾ ಕುಡಿದು ಹೋಗಿದ್ದರು, ತಿರುಗಿ ಸುದ್ದಿ ಇರಲಿಲ್ಲ. ಮಗಳು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಊಟ ಬಿಡಲು ಶುರು ಮಾಡಿದ್ದಳು. ಗೋಡೆಯ ಸುಣ್ಣ ನೋಡಿಯೇ ಅವರೆಲ್ಲ ಹೋದರು ಅಂತ ನನ್ನ ತಲೆಯಲ್ಲಿ ಕೂತಿತು. ನಾನು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಹಸಿರು ಆಯಿಲ್ ಪೇಂಟ್ ಉಳಿದಿತ್ತು. ಗುತ್ತಿಗೆದಾರ ತೆಗೆದುಕೊಂಡು ಹೋಗು ಅಂದ. ಡಬ್ಬಿ ತಲೆಯ ಮೇಲೆ ಹೊತ್ತು ತಂದೆ. ಹೊಳೆಯುವ ಹಸಿರು. ಮುಖ ಕಾಣುವಷ್ಟು ಹೊಳಪು.

ಮಾವಶಿ ಬಂದಳು. ಮೂರು ಗೋಡೆಗೆ ಕೆನ್ನೆ ಹಚ್ಚಿ ನೋಡಿದಳು, ತಲೆ ಆಡಿಸಿದಳು. ಹಿಂದಿನ ಗೋಡೆಗೆ ಕೆನ್ನೆ ಇಟ್ಟವಳು ಅಲ್ಲೇ ನಿಂತಳು.

"ಇದು ಹಸಿ ಅದ. ಇದಕ್ಕ ಎಣ್ಣಿ ಬಣ್ಣ ನಿಲ್ಲಂಗಿಲ್ಲ. ಸುಣ್ಣಾನ ಇರಲಿ."

"ಮೂರು ಗ್ವಾಡಿ ಹಸರ, ಒಂದು ಗ್ವಾಡಿ ಬಿಳೀದು? ಬಂದವರು ಏನಂದಾರು ಮಾವಶಿ? ಡಬ್ಬಿ ತೀರೇದ ಅಂತಾರ."

"ಅನ್ನಲಿ. ಗ್ವಾಡಿ ಉಸಿರಾಡಬೇಕು. ಮ್ಯಾಲ ಪ್ಲಾಸ್ಟಿಕ್ ಹೊದಿಸಿದಂಗ ಹೊದಿಸಿದ್ರ ಬೆವರತದ, ಆಮ್ಯಾಲ ಉಬ್ಬತದ."

"ನಿನ್ನ ಗಲ್ಲಕ್ಕ ಏನು ತಿಳೀತದ ಬಿಡು. ನನಗಂತೂ ಒಣಾನ ಕಾಣ್ತದ."

ನಾನು ಅಂದದ್ದು ಹೀಗೆಯೇ. ಅವಳು ಸಿಟ್ಟಾಗಲಿಲ್ಲ. ಮೂರು ಗೋಡೆಗಳ ಹಳೆಯ ಸುಣ್ಣ ಕೆರೆದು, ಉಜ್ಜುಕಾಗದದಿಂದ ತಿಕ್ಕಿ, ಪ್ರೈಮರ್ ಕೊಟ್ಟು, ಎರಡು ಕೈ ಹಸಿರು ಹಚ್ಚಿದಳು. ಮೂಲೆಗಳಲ್ಲಿ ಅಂಗೈ ಅಗಲ ಬಿಟ್ಟಳು. ಹಿಂದಿನ ಗೋಡೆಯನ್ನು ಮುಟ್ಟಲಿಲ್ಲ. "ಅದು ನನ್ನ ಕೈಲೆ ಆಗಂಗಿಲ್ಲ," ಅಂದು ಬ್ರಷ್ ತೊಳೆದುಕೊಂಡು ಹೋದಳು.

ಮರುದಿನ ನಾನೇ ಹಚ್ಚಿದೆ. ಕೆರೆಯಲಿಲ್ಲ, ತಿಕ್ಕಲಿಲ್ಲ, ಸುಣ್ಣದ ಮೇಲೆಯೇ ಹಸಿರು ಹೊಡೆದೆ. ಕಟ್ಟಡದಲ್ಲಿ ಅಷ್ಟು ವರ್ಷ ದುಡಿದವಳಿಗೆ ಇದೇನು ದೊಡ್ಡದು ಅಂದುಕೊಂಡೆ. ಸಂಜೆ ನೋಡಿದರೆ ಎಷ್ಟು ಚೆಂದ ಹೊಳೆಯುತ್ತಿತ್ತು! ಗಂಡನೂ, "ಮಾವಶಿ ಛಲೋ ಮಾಡ್ಯಾಳ," ಅಂದ. ನಾನು ಸುಮ್ಮನಿದ್ದೆ. ಮೊದಲ ಸುಳ್ಳು ಅದು, ಬಾಯಿ ಬಿಡದೆ ಆಡಿದ್ದು.

ನಾಲ್ಕನೇ ದಿನ ಗೋಡೆಯ ಮೇಲೆ ಪೂರಿ ಎದ್ದವು. ಒಂದು, ಎರಡು, ಆಮೇಲೆ ಒಂದು ತಟ್ಟೆಯಷ್ಟು. ಸೇಫ್ಟಿ ಪಿನ್ನಿನಿಂದ ಚುಚ್ಚಿ ಗಾಳಿ ಬಿಟ್ಟೆ. ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡುವ ಹಾಗೆ ಒತ್ತಿದೆ. ತಂಬಿಗೆಗೇ ಬಣ್ಣ ಅಂಟಿಕೊಂಡು ಬಂತು. ಆ ಜಾಗಕ್ಕೆ ದೇವರ ಕ್ಯಾಲೆಂಡರ್ ತೂಗುಹಾಕಿದೆ. ಅದರ ಪಕ್ಕ ಮತ್ತೊಂದು ಎದ್ದಿತು. ಕ್ಯಾಲೆಂಡರ್ ಇದ್ದದ್ದು ಒಂದೇ.

ಅವರು ಬಂದ ದಿನ ಮಂಚವನ್ನು ಹಿಂದಿನ ಗೋಡೆಗೇ ಹಾಕಿದ್ದೆ, ಇನ್ನೊಂದು ಕಡೆ ಜಾಗ ಇರಲಿಲ್ಲ. ಹುಡುಗನ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೂತರು, ಮಾತಾಡಿದರು, ಮಾತು ಹಿಡಿಸಿತು ಅಂತ ಕಾಣುತ್ತದೆ, ಆರಾಮಾಗಿ ಗೋಡೆಗೆ ಒರಗಿದರು. ನಾನು ಒಳಗೊಳಗೇ ದೇವರನ್ನು ಕರೆದೆ. ದೇವರು ಕ್ಯಾಲೆಂಡರಿನಲ್ಲಿ ಇದ್ದ, ಏನೂ ಮಾಡಲಿಲ್ಲ. ಅವರು ಎದ್ದಾಗ ಬೆನ್ನ ತುಂಬ ಹಸಿರು ಚಕ್ಕೆಗಳು ಅಂಟಿದ್ದವು.

ಸೋದರತ್ತೆ ಚಪ್ಪಾಳೆ ತಟ್ಟಿ ನಕ್ಕಳು. "ಏನ್ರಿ ಬಾಯಾರ, ಹೆಣ್ಣಿನ ಜೋಡಿ ಗ್ವಾಡಿನೂ ಕೊಡ್ತೀರೇನು? ನಮ್ಮಣ್ಣ ಅರ್ಧಾ ಗ್ವಾಡಿ ಹೊತ್ಕೊಂಡು ಹೊಂಟಾನ ನೋಡ್ರಿ!"

ಎಲ್ಲರೂ ನಕ್ಕರು. ಆಮೇಲೆ ಅವಳು ನಗುವುದು ನಿಲ್ಲಿಸಿ ಗೋಡೆಯನ್ನೂ ಮಗಳನ್ನೂ ನೋಡಿದಳು. "ಮನ್ಯಾನ ಕೆಲಸ ಎಲ್ಲಾ ನಾವ ಮಾಡ್ತೀವಿ, ಮಗಳಿಗೂ ಕಲಸೀನಿ ಅಂದಿದ್ರಿ. ಹಿಂಗ ಕಲಸೀರೇನು?"

ಮಗಳು ತಲೆ ಬಗ್ಗಿಸಿದಳು. ಮೂರನೇ ಸಂಬಂಧವೂ ಹೋಯಿತು ಅಂತ ನನಗೆ ಅನಿಸಿತು. ಬಾಯಿಂದ ಬಂದೇ ಬಿಟ್ಟಿತು. "ನಾವಲ್ರಿ. ಬಾಜೂ ಮನಿಯಾಕಿ ಹಚ್ಚ್ಯಾಳ. ಆಕಿಗೆ ಕೆಲಸ ಬರಂಗಿಲ್ಲ. ನಂಬಿ ಕೆಟ್ಟೆ."

ಬಾಗಿಲ ಕಡೆ ನೋಡಿದರೆ ಮಾವಶಿ ನಿಂತಿದ್ದಳು. ನಮ್ಮ ಮನೆಯಲ್ಲಿ ಗ್ಲಾಸು ಸಾಲದು ಅಂತ ತನ್ನ ಆರು ಗ್ಲಾಸು ತೊಳೆದು ತಾಟಿನಲ್ಲಿ ಇಟ್ಟುಕೊಂಡು ತಂದಿದ್ದಳು.

ಅವಳು ನನ್ನ ಮುಖ ನೋಡಲಿಲ್ಲ. ಮಗಳನ್ನು ನೋಡಿದಳು. ಒಳಗೆ ಬಂದು ತಾಟು ಇಟ್ಟಳು.

"ಹೌದ್ರಿ, ನಾನ ಹಚ್ಚೀನಿ," ಅಂದಳು. "ಗ್ವಾಡಿ ಹಸಿ ಅದ ಅಂತ ನನಗ ತಿಳೀಲಿಲ್ಲ. ಪೋರಿದೇನು ತಪ್ಪಿಲ್ಲ. ಚಾ ಆಕಿನ ಮಾಡ್ಯಾಳ, ಕುಡದು ನೋಡ್ರಿ."

ಗ್ವಾಡಿ ಹಸಿ ಅದ ಅಂತ ನನಗ ತಿಳೀಲಿಲ್ಲ... ಬೇರೆ ಏನು ಹೇಳಿದ್ದರೂ ನಾನು ಮರೆಯುತ್ತಿದ್ದೆನೋ ಏನೋ. ಕೆನ್ನೆ ಹಚ್ಚಿ ನೋಡುವವಳು ಹತ್ತು ಜನರ ಮುಂದೆ ಆ ಮಾತು ಆಡಿದಳು.

ಹುಡುಗನ ಅಪ್ಪ ಅಂಗಿ ಕೊಡವಿಕೊಂಡು ಚಹಾ ಕುಡಿದರು. ಸಂಬಂಧ ಕೂಡಿತು.

ಸೋದರತ್ತೆಗೆ ಬಾಯಿ ತಡೆಯುವುದಿಲ್ಲ. ಗಿರಣಿಗೆ ಹೋದರೆ ಅದೇ ಮಾತು, ನಳಕ್ಕೆ ಹೋದರೆ ಅದೇ ಮಾತು. ಗೋಡೆ ಹೊತ್ತುಕೊಂಡು ಹೋದ ಬೀಗರ ಕತೆ ಎಲ್ಲರಿಗೂ ಬೇಕಾಯಿತು. ಕತೆ ಅಂದಮೇಲೆ ಅದರಲ್ಲಿ ಮಾವಶಿಯ ಹೆಸರೂ ಬರುತ್ತದಲ್ಲ. ಓಣಿಯ ಹೆಂಗಸರಿಗೆ ಅವಳ ಗುರುತು ಗೊತ್ತಿತ್ತು. ಯಾರಾದರೂ ಒಬ್ಬಳು ನಮ್ಮ ಮನೆಗೆ ಬಂದು ಮಂಚ ಸರಿಸಿ ಬಗ್ಗಿ ನೋಡಿದ್ದರೆ, ಆ ಗೋಡೆಯ ಮೂಲೆಯಲ್ಲಿ ಅಂಗೈ ಅಗಲದ ಜಾಗ ಇಲ್ಲ ಅಂತ ಕಾಣುತ್ತಿತ್ತು. ಯಾರೂ ಬಗ್ಗಲಿಲ್ಲ. ನಾನೂ ಬಗ್ಗಿ ನೋಡಿ ಅನ್ನಲಿಲ್ಲ. ಲಗ್ನ ಆಗುವವರೆಗೆ ಸುಮ್ಮನಿರೋಣ ಅಂದುಕೊಂಡೆ. ಲಗ್ನ ಆದ ಮೇಲೆ, ಮಗಳು ಅಲ್ಲಿ ಒಂದಿಷ್ಟು ಬೇರು ಬಿಡಲಿ ಅಂದುಕೊಂಡೆ. ಹೀಗೆ ಅಂದುಕೊಳ್ಳುತ್ತ ದಸರೆ ಬಂತು.

ಆ ದಸರೆಗೆ ಮಾವಶಿಯನ್ನು ಯಾರೂ ಕರೆಯಲಿಲ್ಲ. ಅವಳು ಮಾರ್ಕೆಟ್ ಯಾರ್ಡಿಗೆ ಹೋಗಿ ಒಣ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಸೇರಿದಳು. ಸುಣ್ಣ ತಿಂದ ಕೈಗೆ ಮೆಣಸಿನಕಾಯಿ. ಸಂಜೆ ಬಸ್ಸಿಳಿದು ಕೆಮ್ಮುತ್ತ ಬರುತ್ತಿದ್ದಳು. ನನ್ನ ಜೊತೆ ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಡಲಿಲ್ಲ. ಎದುರು ಸಿಕ್ಕರೆ, "ಪೋರಿ ಹ್ಯಾಂಗ ಅದಾಳ?" ಅಂತ ಮಗಳನ್ನು ಕೇಳುತ್ತಿದ್ದಳು, ಹೋಗುತ್ತಿದ್ದಳು. ನಮ್ಮ ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಆ ಆರು ಗ್ಲಾಸು ನನ್ನ ಹತ್ತಿರವೇ ಉಳಿದಿದ್ದವು. ಕೊಟ್ಟು ಕಳಿಸಿದೆ, ಇಟ್ಟುಕೊಂಡಳು.

ಹೀಗೇ ಒಂದು ವರ್ಷ ಕಳೆಯಿತು. ಒಂದು ದಿನ ಬೆಳಿಗ್ಗೆ ನಳದ ಮುಂದೆ ಸಾಲು ನಿಂತಿತ್ತು. ಸೋದರತ್ತೆಯೂ ಇದ್ದಳು, ಮಾವಶಿಯೂ ಹಿಂದೆ ಎಲ್ಲೋ ಇದ್ದಳು. ಯಾರೋ ಮತ್ತೆ ಗೋಡೆಯ ಮಾತು ತೆಗೆದು ನಕ್ಕರು. ನನಗೆ ಸಾಕಾಯಿತು. ದೊಡ್ಡ ಧೈರ್ಯ ಏನಲ್ಲ, ಸಾಕಾಯಿತು ಅಷ್ಟೆ.

"ಆ ಗ್ವಾಡಿ ನಾ ಹಚ್ಚೀನಿ," ಅಂದೆ. "ಮಾವಶಿ ಬ್ಯಾಡ ಅಂದಿದ್ಳು. ನಾ ಸುಳ್ಳು ಹೇಳೀನಿ."

ಸೋದರತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಬೀಗತಿ, ಈಗ್ಯಾಕ ಹೇಳ್ತೀರಿ? ಕತಿ ಹಳೇದಾತು," ಅಂದಳು. ಹಿಂದಿನಿಂದ ಮಾವಶಿಯ ದನಿ ಬಂತು. "ನೀರು ಹೊಂಟದ. ಕೊಡ ಹಿಡೀರಿ ಮೊದಲ."

ಅಷ್ಟೇ ಆದದ್ದು. ಆಕಾಶ ಕಳಚಿ ಬೀಳಲಿಲ್ಲ, ಮಗಳನ್ನು ಯಾರೂ ತಿರುಗಿ ಕಳಿಸಲಿಲ್ಲ. ಆ ಮಾತನ್ನು ಎಂದೋ ಹೇಳಬಹುದಿತ್ತು.

ಆ ವಾರವೇ ಅವಳ ಮನೆಗೆ ಹೋಗಿ, ಬಂದು ಆ ಗೋಡೆಗೆ ಸುಣ್ಣ ಹಚ್ಚಿಕೊಡು ಅಂದೆ. ನಾಲ್ಕು ಜನ ನೋಡಲಿ, ಅವಳ ಕೆಲಸ ತಿರುಗಿ ಬರಲಿ ಅಂತ ನನ್ನ ಲೆಕ್ಕ. ಅವಳು ಬಂದಳು, ಆದರೆ ಬ್ರಷ್ ಹಿಡಿಯಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. "ನೀ ಹಚ್ಚು. ನಾ ಹೇಳ್ತೀನಿ."

ಇಡೀ ಭಾನುವಾರ ನನ್ನನ್ನು ದುಡಿಸಿದಳು. ಮೊದಲು ಕೆನ್ನೆ ಹಚ್ಚಿಸಿದಳು. ಮೇಲೆ ಒಣ, ನಡುವೆ ಒಣ, ಕೆಳಗೆ ಕೂತರೆ ಮಣ್ಣಿನ ಗಡಿಗೆಗೆ ಮುಖ ಇಟ್ಟ ಹಾಗೆ ತಂಪು. "ಗ್ವಾಡಿ ಹಿಂದ ಏನದ?" ಅಂದಳು. ಹಿಂದೆ ನನ್ನದೇ ಬಚ್ಚಲು. ದಿನವೂ ಹತ್ತು ಕೊಡ ನೀರು ನಾನೇ ಆ ಗೋಡೆಗೆ ಕುಡಿಸುತ್ತಿದ್ದೆ. ಬಚ್ಚಲಿನ ಇಳಿಜಾರನ್ನು ಆಚೆ ಕಡೆ ತಿರುಗಿಸು, ಎರಡು ವಾರ ಗೋಡೆ ಒಣಗಲಿ, ಆಮೇಲೆ ಸುಣ್ಣ, ಅಂದಳು. ಆ ದಿನ ಹಸಿರು ಕೆರೆಸಿದಳು ಅಷ್ಟೆ. ಎರಡು ವಾರ ಬಿಟ್ಟು ಮತ್ತೆ ಬಂದು ಅದೇ ಬಕೆಟ್ ಮೇಲೆ ಕೂತಳು. ಸುಣ್ಣದ ಕಲ್ಲಿಗೆ ನೀರು ಹೊಯ್ಯಿಸಿದಳು. ಅದು ಕುದಿಯುವಾಗ ಮುಖ ಆ ಕಡೆ ಮಾಡು ಅಂತ ಬೈದಳು. ಹಳೆಯ ಸೀರೆಯಲ್ಲಿ ಸೋಸಿಸಿ, ಉಪ್ಪು, ಗೋಂದು, ಬಟ್ಟೆಯ ಗಂಟಿನಲ್ಲಿ ಚಿಟಿಕೆ ನೀಲಿ ಹಾಕಿಸಿದಳು. ಮೊದಲ ಕೈ ಮೇಲಿಂದ ಕೆಳಗೆ, ಎರಡನೇ ಕೈ ಅಡ್ಡ. "ಹಸಿ ಇದ್ದಾಗ ಕಾಣಂಗಿಲ್ಲ, ಹಚ್ಚೇ ಇಲ್ಲ ಅನಸ್ತದ. ಮತ್ತ ಮತ್ತ ಬಳೀಬ್ಯಾಡ. ಒಣಗಲಿ. ತಾನಾಗೇ ಬೆಳ್ಳಗ ಆಗ್ತದ."

ಕೊನೆಗೆ ಕೆಳಗಿನ ಮೂಲೆಗೆ ಬಂದೆ. ಅಂಗೈ ಅಗಲ ಬಿಟ್ಟು ಬ್ರಷ್ ಎತ್ತಿದೆ. ಅವಳು ಖುಷಿ ಆಗುತ್ತಾಳೆ ಅಂದುಕೊಂಡಿದ್ದೆ.

"ಅದನ್ನ ಮುಚ್ಚು," ಅಂದಳು.

"ನೀ ಬಿಡ್ತೀಯಲ್ಲ ಮಾವಶಿ."

"ನಾ ಬಿಡ್ತೀನಿ. ಅದು ನಂದು. ನೀ ಬಿಟ್ರ ಮತ್ತ ನಾನ ಹಚ್ಚೀನಿ ಅಂತ ತಿಳ್ಕೋತಾರ. ಒಮ್ಮೆ ಸಾಕು."

ಮುಚ್ಚಿದೆ. ಅವಳು ಬಕೆಟ್ ಎತ್ತಿ ನೆಟ್ಟಗೆ ಇಟ್ಟು, ಚಹಾ ಕುಡಿದು ಹೋದಳು. ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ಕೆಲಸ ತಿರುಗಿ ಬರಲಿಲ್ಲ. ಒಂದೆರಡು ಮನೆಯವರು ಕರೆದರು, ಅಷ್ಟರಲ್ಲಿ ರೋಲರ್ ಹಿಡಿದ ಗಂಡಸರು ಓಣಿಗೆ ಬಂದಿದ್ದರು, ಎರಡು ಖೋಲಿಯ ಮನೆಗಳಾಗಿದ್ದವು, ಸುಣ್ಣ ಯಾರಿಗೂ ಬೇಡವಾಗಿತ್ತು. ಕಾಲ ಬದಲಾಯಿತು, ನನ್ನದೇನು ಅಂತ ನಾನು ಪಾರಾಗಬಹುದು. ಆದರೆ ಆ ಒಂದು ವರ್ಷ ಅವಳನ್ನು ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಿದ್ದು ಕಾಲ ಅಲ್ಲ, ನನ್ನ ಬಾಯಿ. ಕೆಮ್ಮು ಅಲ್ಲಿಂದಲೇ ಶುರುವಾಯಿತು. ಮುಂದೆ ಇಂದಾಪುರಕ್ಕೆ, ತಮ್ಮನ ಮನೆಗೆ ಹೋದಳು. ಎಸ್ಟಿ ಬಸ್ ಹತ್ತಿಸಲು ನಾನೇ ಹೋಗಿದ್ದೆ. ಕಿಟಕಿಯಿಂದ, "ಬಚ್ಚಲ ಮ್ಯಾಲ ಲಕ್ಷ್ಯ ಇರಲಿ," ಅಂದಳು. ಎರಡು ಮಳೆಗಾಲ ಕಳೆದ ಮೇಲೆ ಅವಳು ತೀರಿಹೋದಳು ಅಂತ ಆ ಕಡೆಯಿಂದ ಬಂದ ಒಬ್ಬರು ಹೇಳಿದರು. ಅವರು ಹೇಳುವ ಹೊತ್ತಿಗೆ ತಿಂಗಳಾಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿದು ಮುಗಿಸಿದೆ...

ಆ ಸಂಬಂಧ ಒಳ್ಳೆಯದೇ ಆಯಿತು. ಮಗಳು ಸುಖವಾಗಿದ್ದಾಳೆ. ಕಷ್ಟ ಇರುವುದು ಅಲ್ಲೇ. ಕೆಟ್ಟಿದ್ದರೆ ಮಾಡಿದ್ದಕ್ಕೆ ಅನುಭವಿಸಿದೆ ಅಂತ ಸುಮ್ಮನಾಗುತ್ತಿದ್ದೆ.

ಅವಳು ಬಿಟ್ಟ ಮೂರು ಮೂಲೆಗಳಲ್ಲಿ ಒಂದು ಟೈಲ್ಸ್ ಹಾಕಿಸಿದಾಗ ಹೋಯಿತು. ಇನ್ನೊಂದನ್ನು ಹೋದ ಸಲ ಬಂದ ಪೇಂಟರ್‌ಗಳು ನಾನು ಮಾರ್ಕೆಟ್ಟಿಗೆ ಹೋದಾಗ ಮುಚ್ಚಿಬಿಟ್ಟರು. ಬಾಗಿಲ ಹಿಂದಿನದು ಒಂದೇ ಉಳಿದಿದೆ. ಇನ್ನೊಬ್ಬರ ಕೈ ಬೇಡ ಅಂದದ್ದು ಅದಕ್ಕೆ.

ಹಿಂದಿನ ಗೋಡೆ ಕೆರೆದು ಒಣಗಿದ ಮೇಲೆ ಕೆನ್ನೆ ಹಚ್ಚಿ ನೋಡಿದೆ. ಸೊಸೆ ಫೋನಿನಲ್ಲಿ ಗಂಡನಿಗೆ, "ನಿಮ್ಮವ್ವ ಗ್ವಾಡಿಗೆ ಮುದ್ದು ಕೊಡಾಕತ್ತಾರ," ಅಂತ ಹೇಳಿ ನಕ್ಕಳು. ನನ್ನ ಅಂಗೈಗೂ ಈಗ ಬಿಸಿ ತಂಪು ಸರಿಯಾಗಿ ತಿಳಿಯುವುದಿಲ್ಲ. ಕೆನ್ನೆಗೆ ತಿಳಿಯಿತು. ಒಣ ಇತ್ತು, ಕೆಳಗಿನವರೆಗೂ.

ನಿನ್ನೆ ಮಧ್ಯಾಹ್ನ ಕೆಲಸ ಮುಗಿಯಲು ಬಂತು. ಈಗಿನ ಬಣ್ಣಕ್ಕೆ ವಾಸನೆಯೇ ಇಲ್ಲ. ಸುಣ್ಣದ ವಾಸನೆಯೂ ಅದರ ಕೆಳಗೆ ಹೋಯಿತು. ಬಾಗಿಲ ಹಿಂದಿನ ಆ ಜಾಗವನ್ನು ಬಿಟ್ಟು ಸುತ್ತಲೂ ಸಣ್ಣ ಬ್ರಷ್‌ನಿಂದ ನಾನೇ ಹಚ್ಚಿದೆ. ಹಿಂದಿನ ಗೋಡೆಯ ಕೆಳಗಿನದನ್ನು ಸೊಸೆ ಹಚ್ಚಿದಳು, ಮಂಚದ ಕಾಲಿನ ಹತ್ತಿರ ಒಂದಿಷ್ಟು ಹಾಗೇ ಬಿಟ್ಟು ಎದ್ದಳು.

"ಅದನ್ನ ಯಾಕ ಬಿಟ್ಟಿ?"

"ಮಂಚದ ಹಿಂದ ಯಾರಿಗೆ ಕಾಣ್ತದ ಅತ್ತಿ? ಬಾಗಿಲ ಹಿಂದ ಅಷ್ಟ ಜಾಗ ಬಿಟ್ಟೀರಿ, ಇಲ್ಲೂ ಇರವಲ್ದ್ಯಾಕ. ಜೋಡಿ ಆಗ್ತದ."

"ಅದು ಆಕಿದು. ಇದು ನಾ ಕೆಡಿಸಿದ ಗ್ವಾಡಿ. ಮಂಚ ಸರಸು."

ಅವಳು ಮಂಚ ಸರಿಸಿದಳು, ಬ್ರಷ್ ಹಿಡಿದು ಬಗ್ಗಲು ಹೋದಳು. ನಾನು ಬ್ರಷ್ ಇಸಿದುಕೊಂಡೆ. ಗೋಡೆ ಹಿಡಿದು, ಒಂದು ಮೊಣಕಾಲು, ಆಮೇಲೆ ಇನ್ನೊಂದು ಊರಿ ಕೂತೆ. ಮೂಲೆಯನ್ನು ಮುಚ್ಚಿದೆ. ಏಳಲು ಸೊಸೆಯ ಕೈ ಬೇಕಾಯಿತು.